ಕ್ಯಾಮೆರಾಕ್ಕೊಂದು ಹುರುಳಿ ಚೀಲ

ಹಾಸನದ ಕಡೆಯ ಒಬ್ಬ ಅಜ್ಜಿ ಕಾಗದ ಬರೆದಿದ್ದಾರೆ. ಆರನೇ ತರಗತಿ ಮುಗಿಸಿದ ಮೊಮ್ಮಗ ಹಕ್ಕಿ ಫೋಟೊ ತೆಗೆಯಲು ಕ್ಯಾಮೆರಾ ಬೇಕೆಂದು ಯುಗಾದಿಯಿಂದ ಹಟ ಹಿಡಿದಿದ್ದಾನಂತೆ. ‘ಪಿಂಚಣಿ ದುಡ್ಡಿನಲ್ಲಿ ಕೊಡಿಸಬಹುದು. ಆದರೆ ಎರಡು ದಿನ ಆಡಿ ಮೂಲೆಗೆ ಹಾಕಿದರೆ? ಮೊಬೈಲಿನಲ್ಲೇ ತೆಗೆದರೆ ಸಾಲದೇ?’ ಎಂದು ಕೇಳಿದ್ದಾರೆ. ಕಾಗದದ ಅಡಿಯಲ್ಲಿ ಪೆನ್ಸಿಲಿನಲ್ಲಿ ಬೇರೆ ಕೈಬರಹ: ‘ದಯವಿಟ್ಟು ಹೂಂ ಅನ್ನಿ.’

ಹೂಂ ಅನ್ನುವ ಮುಂಚೆ ಹುಡುಗನಿಗೆ ಒಂದು ಕೆಲಸ ಕೊಡುತ್ತೇನೆ. ನಾಳೆಯಿಂದ 15 ದಿನ, ಬೆಳಿಗ್ಗೆ ಏಳು ಗಂಟೆಗೆ ಮನೆಯ ಹತ್ತಿರ ಒಂದೇ ಜಾಗದಲ್ಲಿ ಕಾಲು ಗಂಟೆ ಸುಮ್ಮನೆ ಕೂತುಕೋ ಮಗಾ. ಕೈಯಲ್ಲಿ ನೋಟ್‌ಬುಕ್ ಇರಲಿ. ಯಾವ ಹಕ್ಕಿ ಬಂತು, ಎಲ್ಲಿ ಕೂತಿತು, ಏನು ತಿಂದಿತು, ಯಾವ ಕಡೆ ಹಾರಿತು, ಇಷ್ಟು ಬರೆ. ಹೆಸರು ಗೊತ್ತಿಲ್ಲದಿದ್ದರೆ ‘ಜುಟ್ಟಿನವನು’, ‘ಬಾಲ ಕುಣಿಸುವವಳು’ ಅಂತ ನೀನೇ ಹೆಸರಿಡು. ಹದಿನೈದರಲ್ಲಿ ಹತ್ತು ದಿನದ ಪುಟ ತುಂಬಿದ್ದರೆ ಅಜ್ಜಿ ದುಡ್ಡು ಬಿಚ್ಚಬಹುದು. ತುಂಬದಿದ್ದರೆ ಕ್ರಿಕೆಟ್ ಬ್ಯಾಟು ಸಾಕು, ಅದರಲ್ಲೇನೂ ಅವಮಾನವಿಲ್ಲ.

ಇದು ಬರೀ ಪರೀಕ್ಷೆಯಲ್ಲ. ಫೋಟೊ ತೆಗೆಯುವ ಅರ್ಧ ಕೆಲಸ ಆ ನೋಟ್‌ಬುಕ್ಕಿನಲ್ಲೇ ಆಗಿಹೋಗುತ್ತದೆ. ಹಕ್ಕಿಗಳಿಗೂ ನಮ್ಮ ಹಾಗೆ ಮಾಮೂಲು ಜಾಗಗಳಿರುತ್ತವೆ. ಕಾಜಾಣ ದಿನಾ ಅದೇ ಕರೆಂಟು ತಂತಿಯ ಮೇಲೆ ಕೂರುತ್ತದೆ. ಗದ್ದೆಯಂಚಿನ ಮಿಂಚುಳ್ಳಿ ಅದೇ ಬೇಲಿ ಗೂಟದಿಂದ ಧುಮುಕಿ ಹುಳ ಹಿಡಿದು ಅದೇ ಗೂಟಕ್ಕೆ ಮರಳುತ್ತದೆ. ಯಾವ ಗೂಟ ಅಂತ ಗೊತ್ತಿದ್ದವನು ಮೊದಲೇ ಹೋಗಿ ಕೂತಿರುತ್ತಾನೆ. ಗೊತ್ತಿಲ್ಲದವನು ಹಕ್ಕಿಯ ಹಿಂದೆ ಓಡುತ್ತಾನೆ, ಅವನಿಗೆ ಸಿಗುವುದು ಅದರ ಬೆನ್ನು ಮಾತ್ರ.

ಇನ್ನು ಮೊಬೈಲಿನ ಮಾತು. ಚಿಟ್ಟೆ, ಹೂವು, ಜೇಡರ ಬಲೆ, ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತ ಇವಕ್ಕೆಲ್ಲ ಮೊಬೈಲ್ ಧಾರಾಳವಾಗಿ ಸಾಕು. ಆದರೆ ಮೂವತ್ತು ಅಡಿ ದೂರದ ಗುಬ್ಬಚ್ಚಿ ಸಾಧಾರಣ ಮೊಬೈಲಿನಲ್ಲಿ ಎಳ್ಳುಕಾಳಾಗುತ್ತದೆ. ಬೆರಳಿನಿಂದ ಹಿಗ್ಗಿಸಿದರೆ ದೋಸೆ ಹಿಟ್ಟಿಗೆ ನೀರು ಸುರಿದ ಹಾಗೆ. ದೋಸೆ ಅಗಲವಾಗುತ್ತದೆ, ಆದರೆ ಹಿಟ್ಟು ಇದ್ದಷ್ಟೇ. ಗಾಜಿನ ಮಸೂರಗಳೇ ಹಿಂದೆ ಮುಂದೆ ಸರಿದು ದೂರದ್ದನ್ನು ಹತ್ತಿರ ತರುವುದು ಆಪ್ಟಿಕಲ್ ಜೂಮ್. ಹಿಟ್ಟಿಗೆ ನೀರು ಹಾಕುವುದು ಡಿಜಿಟಲ್ ಜೂಮ್. ಕ್ಯಾಮೆರಾ ಡಬ್ಬಿಯ ಮೇಲೆ ಎರಡೂ ಬರೆದಿರುತ್ತಾರೆ. ಮೊದಲನೆಯದನ್ನು ಮಾತ್ರ ಓದಿ, ಎರಡನೆಯದನ್ನು ಮೆನುವಿಗೆ ಹೋಗಿ ಆಫ್ ಮಾಡಿಬಿಡಿ.

ಮೊದಲ ಕ್ಯಾಮೆರಾಕ್ಕೆ ನನ್ನ ಓಟು ಸೂಪರ್‌ಜೂಮ್‌ಗೆ. ಅದರ ಲೆನ್ಸ್ ಬಿಚ್ಚಲು ಬರುವುದಿಲ್ಲ, 40 ಪಟ್ಟು 60 ಪಟ್ಟು ಜೂಮ್ ಇರುತ್ತದೆ, ತೂಕ ಅರ್ಧ ಕಿಲೋದ ಆಸುಪಾಸು. ಮಕ್ಕಳ ಕುತ್ತಿಗೆಗೂ ಅಜ್ಜನ ಕುತ್ತಿಗೆಗೂ ಭಾರವಲ್ಲ. ಟಿವಿಯಲ್ಲಿ ಕಾಣುವ ಫಿರಂಗಿಯಂಥ ಲೆನ್ಸುಗಳ ಆಸೆ ಸದ್ಯಕ್ಕೆ ಬೇಡ. ಸೂಪರ್‌ಜೂಮಿಗೆ ಒಂದು ಕೊರತೆಯಿದೆ, ಮೊದಲೇ ಹೇಳಿಬಿಡುತ್ತೇನೆ. ಬೆಳಕು ಬಿದ್ದು ಚಿತ್ರ ಮೂಡುವ ಸೆನ್ಸರ್ ಅನ್ನುವ ಭಾಗ ಅದರಲ್ಲಿ ಕಡಲೆಬೇಳೆಯಷ್ಟು ಮಾತ್ರ. ಅಷ್ಟು ಸಣ್ಣದಕ್ಕೆ ಮುಸ್ಸಂಜೆಯ ಬೆಳಕು ಸಾಲದು, ಚಿತ್ರ ರವೆ ಉದುರಿದ ಹಾಗೆ ಬರುತ್ತದೆ. ಅದಕ್ಕೆ ಬೈಯಬೇಡಿ, ಬೆಳಿಗ್ಗೆ ಏಳೂವರೆಯಿಂದ ಹತ್ತರೊಳಗೆ ಹೋಗಿ. ಅಂಗಡಿಯವರು ಮೆಗಾಪಿಕ್ಸೆಲ್ ಎಂದು ದೊಡ್ಡ ದೊಡ್ಡ ಸಂಖ್ಯೆ ಹೇಳಿದರೆ ಕಿವಿಗೊಡಬೇಡಿ. 12 ಇದ್ದರೆ ಈ ಪತ್ರಿಕೆಯ ಇಡೀ ಪುಟಕ್ಕೆ ಅಚ್ಚು ಹಾಕಬಹುದು.

ಹೊಸದರ ಬೆಲೆ ಕೇಳಿ ಎದೆ ಧಸಕ್ಕೆಂದರೆ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ. ನಮ್ಮ ಮನೆಯದೂ ಅದೇ. ಕೊಳ್ಳುವಾಗ ಟಾರ್ಚ್ ಜೊತೆಗಿರಲಿ. ಲೆನ್ಸಿನೊಳಕ್ಕೆ ಓರೆಯಾಗಿ ಬೆಳಕು ಬಿಟ್ಟು ನೋಡಿ, ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ವಾಪಸ್ ಕೊಟ್ಟುಬಿಡಿ. ಜೂಮನ್ನು ಹತ್ತು ಸಲ ಒಳಗೆ ಹೊರಗೆ ಆಡಿಸಿ, ಕರಕರ ಸದ್ದು ಬರಬಾರದು. ಬಿಳಿ ಗೋಡೆಯ ಒಂದು ಫೋಟೊ ತೆಗೆದು ನೋಡಿದರೆ ಒಳಗಿನ ಕಲೆಗಳು ಕಾಣಿಸುತ್ತವೆ. ನಾನು ಇದೆಲ್ಲ ನೋಡಿದೆ, ಬ್ಯಾಟರಿ ನೋಡಲು ಮರೆತೆ. ಅದು ಇಪ್ಪತ್ತು ಫೋಟೊಕ್ಕೆ ನಿದ್ದೆ ಹೋಗುತ್ತಿತ್ತು. ಹೊಸ ಬ್ಯಾಟರಿಗೆ ಮತ್ತೆ ದುಡ್ಡು ತೆತ್ತದ್ದಾಯಿತು.

ಕ್ಯಾಮೆರಾ ಮನೆಗೆ ಬಂದ ಮೇಲೆ ನಮ್ಮ ಪುಟ್ಟಿ, ಅಂದರೆ ಮೊಮ್ಮಗಳು, ಮೊದಲ ವಾರ ತೆಗೆದದ್ದೆಲ್ಲ ಮಂಜು. ದೂರದ್ದನ್ನು ಎಳೆದಷ್ಟೂ ಕೈ ನಡುಕವೂ ದೊಡ್ಡದಾಗುತ್ತದೆ. ಪುಟ್ಟಿಗೆ ಹನ್ನೊಂದು ವರ್ಷ, ನನಗೆ ಅರವತ್ತೊಂಬತ್ತು, ಇಬ್ಬರ ಕೈಯೂ ನಡುಗುತ್ತದೆ. ಉಪಾಯ ಹೂಡಿದ್ದು ಅವಳ ಅಜ್ಜಿ. ನನ್ನ ಹಳೆ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡು ಕಿಲೋ ಹುರುಳಿ ತುಂಬಿ, ಬಾಯಿ ಹೊಲಿದು ಕೊಟ್ಟಳು. ಕಾಂಪೌಂಡ್ ಗೋಡೆಯ ಮೇಲೋ ಕಿಟಕಿ ದಂಡೆಯ ಮೇಲೋ ಚೀಲವಿಟ್ಟು, ಮಧ್ಯೆ ಕೈಯಿಂದ ಗುಂಡಿ ಮಾಡಿ, ಕ್ಯಾಮೆರಾ ಕೂರಿಸಿದರೆ ಅಲುಗಾಡುವುದಿಲ್ಲ. ಕಾಡಿನಲ್ಲಿ ಜೀಪಿನ ಕಿಟಕಿಯ ಮೇಲೆ ದೊಡ್ಡ ಛಾಯಾಗ್ರಾಹಕರು ಇಡುವುದೂ ಇಂಥದೇ ಚೀಲ. ಚೀಲವಿಲ್ಲದಾಗ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಮರಕ್ಕೆ ಒರಗಿ, ಉಸಿರು ಮೆಲ್ಲಗೆ ಬಿಟ್ಟು ಒತ್ತಬೇಕು. ಪರದೆ ನೋಡುತ್ತ ಕೈ ಮುಂದೆ ಚಾಚಿ ಹಿಡಿದಿರೋ, ಕೆಟ್ಟಿತು. ಕಣ್ಣಿಗೆ ಹಚ್ಚಿ ನೋಡುವ ಕಿಂಡಿ ಇರುವ ಕ್ಯಾಮೆರಾ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ.

ಗುಂಡಿ ಒತ್ತುವುದರಲ್ಲಿ ಎರಡು ಮೆಟ್ಟಿಲಿದೆ. ಅರ್ಧ ಒತ್ತಿದರೆ ಕ್ಯಾಮೆರಾ ಫೋಕಸ್ ಹಿಡಿದು ‘ಪೀಪ್’ ಅನ್ನುತ್ತದೆ, ಪೂರ್ತಿ ಒತ್ತಿದರೆ ಚಿತ್ರ. ಮಕ್ಕಳು ಒಂದೇ ಏಟಿಗೆ ಪೂರ್ತಿ ಒತ್ತುತ್ತಾರೆ, ಆಗ ಹಿಂದಿನ ಎಲೆ ಚೆನ್ನಾಗಿ ಬಂದು ಹಕ್ಕಿ ಮಸುಕಾಗಿರುತ್ತದೆ. ಅಂಗಳದ ಕಾಗೆಯ ಮೇಲೆ ಅಭ್ಯಾಸ ಮಾಡಿ. ಕಾಗೆಯಷ್ಟು ತಾಳ್ಮೆಯಿಂದ ಫೋಟೊಕ್ಕೆ ನಿಲ್ಲುವ ಹಕ್ಕಿ ಊರಲ್ಲಿ ಇನ್ನೊಂದಿಲ್ಲ. ಫೋಕಸ್ ಅದರ ಕಣ್ಣಿನ ಮೇಲೆ ಬೀಳಬೇಕು. ಕಣ್ಣು ಸ್ಪಷ್ಟವಾಗಿದ್ದರೆ ಬಾಲ ಮಸುಕಾದರೂ ನೋಡುವವರು ಕ್ಷಮಿಸುತ್ತಾರೆ. ಆದಷ್ಟು ಹಕ್ಕಿಯ ಕಣ್ಣಿನ ಮಟ್ಟಕ್ಕೇ ಇಳಿಯಿರಿ. ನೆಲದಲ್ಲಿ ಓಡಾಡುವ ಟಿಟ್ಟಿಭವನ್ನು ನಿಂತು ತೆಗೆದರೆ ಅಂಗಡಿಯ ಮೇಲುಗಡೆಯಿಂದ ಬೊಂಬೆ ನೋಡಿದ ಹಾಗಿರುತ್ತದೆ. ಬಟ್ಟೆ ಕೊಳೆಯಾಗುತ್ತದೆ, ಅಮ್ಮನಿಗೆ ಮೊದಲೇ ಹೇಳಿಡಿ.

ಶುರುವಿಗೆ ಆಟೊ ಸಾಕು. ಎರಡು ತಿಂಗಳಾದ ಮೇಲೆ ಡಯಲನ್ನು ‘ಎಸ್’ ಅಥವಾ ‘ಟಿವಿ’ ಎಂಬಲ್ಲಿಗೆ ತಿರುಗಿಸಿ. ಅಲ್ಲಿ ಕ್ಯಾಮೆರಾದ ಕಣ್ಣು ಎಷ್ಟು ಹೊತ್ತು ತೆರೆದಿರಬೇಕೆಂದು ನೀವೇ ಹೇಳಬಹುದು. ಕೂತ ಹಕ್ಕಿಗೆ ಸೆಕೆಂಡಿನಲ್ಲಿ 500ನೇ ಒಂದು ಭಾಗ ಇಟ್ಟುಕೊಳ್ಳಿ, ಹಾರುವುದಕ್ಕೆ 1000ನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಇನ್ನೊಂದು ತೊಂದರೆ ಎಲ್ಲರಿಗೂ ಬರುತ್ತದೆ. ಹಸಿರು ಗದ್ದೆಯಲ್ಲಿ ಬೆಳ್ಳಕ್ಕಿ ತೆಗೆದರೆ ಸುಣ್ಣ ಬಳಿದ ಹಾಗೆ, ಗರಿಯೇ ಕಾಣದೆ ಬರುತ್ತದೆ. ಆಕಾಶದೆದುರು ಕೂತ ಕಾಜಾಣ ಮಸಿ ಬೊಟ್ಟಾಗುತ್ತದೆ. ಕ್ಯಾಮೆರಾ ಚೌಕಟ್ಟಿನೊಳಗಿನ ಎಲ್ಲವನ್ನೂ ಸರಾಸರಿ ಹಾಕಿ ನಡುವಣ ಬೆಳಕಿಗೆ ತರಲು ನೋಡುತ್ತದೆ, ನಮಗೆ ಬೇಕಾದದ್ದು ಹಕ್ಕಿಯೋ ಆಕಾಶವೋ ಅದಕ್ಕೇನು ಗೊತ್ತು? ಕೂಡುವ ಕಳೆಯುವ ಚಿಹ್ನೆಯ ಗುಂಡಿ ಇರುವುದು ಇದಕ್ಕೆ. ಬೆಳ್ಳಕ್ಕಿಗೆ ಒಂದು ಕಳೆಯಿರಿ, ಆಕಾಶದೆದುರಿನ ಕಾಜಾಣಕ್ಕೆ ಒಂದು ಕೂಡಿ. ಮಧ್ಯಾಹ್ನ ಕೆರೆಯಾಚೆಯ ಕೊಕ್ಕರೆ ಅಲೆ ಅಲೆಯಾಗಿ ಬಂದರೆ ಮಾತ್ರ ಏನೂ ಮಾಡಲಾಗದು. ಅದು ಕಾದ ಗಾಳಿಯ ಆಟ, ಎಷ್ಟು ಲಕ್ಷದ ಕ್ಯಾಮೆರಾ ಆದರೂ ಅಷ್ಟೇ. ಮನೆಗೆ ಹೋಗಿ ಊಟ ಮಾಡಿ.

ರಾತ್ರಿ ಮಲಗುವ ಮುಂಚೆ ಅಂದಿನ ಫೋಟೊಗಳಲ್ಲಿ ಐದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಬೇಕು. ನಮ್ಮ ಮನೆಯಲ್ಲಿ ಇದು ಕಟ್ಟುನಿಟ್ಟು. ಸಂಡೂರಿನ ಎಂ.ವೈ. ಘೋರ್ಪಡೆಯವರು, ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು, ಕಾಡುಪ್ರಾಣಿಗಳ ಕಪ್ಪು ಬಿಳುಪು ಚಿತ್ರಗಳಿಗೆ ಹೆಸರಾಗಿದ್ದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಅಲೆದು ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಪುಸ್ತಕವನ್ನೇ ಕೊಟ್ಟರು. ಅವರ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ, ತೊಳೆದು ಬರುವವರೆಗೆ ಏನು ಬಂದಿದೆ ಎಂದು ತಿಳಿಯುವಂತೆಯೇ ಇರಲಿಲ್ಲ. ಪುಟ್ಟಿ ಒಂದೇ ಬೆಳಿಗ್ಗೆ ಒಂದೇ ಅಳಿಲಿನ 140 ಫೋಟೊ ತೆಗೆದು ಬಂದಿದ್ದಳು. ಅದರಲ್ಲಿ ಐದನ್ನು ಆರಿಸಲು ಕೂತಾಗಲೇ ಅವಳಿಗೆ ಯಾವುದು ಚೆನ್ನ, ಯಾಕೆ ಚೆನ್ನ ಎಂದು ಗೊತ್ತಾಗತೊಡಗಿದ್ದು.

ಈಗ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯ. ಕಳೆದ ಏಪ್ರಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಪುಟ್ಟಿ ಕ್ಯಾಮೆರಾ ಹಿಡಿದು ಓಡಿ ಬಂದಳು. ‘ಅಜ್ಜ, ಆ ರೆಂಬೆ ಒಂಚೂರು ಬಗ್ಗಿಸಿ ಹಿಡ್ಕೋ, ಮರಿ ಕಾಣ್ತದೆ.’ ನಾನು ಅವಳನ್ನು ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ.

1974ರ ಬೇಸಿಗೆ. ನನಗೆ ಹದಿನೇಳು. ಸೋದರಮಾವನ ಹತ್ತಿರ ಪೆಟ್ಟಿಗೆಯಂಥ ಕ್ಯಾಮೆರಾ ಇತ್ತು, ರೋಲಿಗೆ 12 ಚಿತ್ರ. ಕಾಡಿ ಬೇಡಿ ಒಂದು ದಿನಕ್ಕೆ ತಂದಿದ್ದೆ. ಆಗಲೂ ಪಿಕಳಾರದ್ದೇ ಗೂಡು, ಒಳಗೆ ಮೂರು ಮರಿ, ಇನ್ನೂ ಗರಿ ಬಂದಿರಲಿಲ್ಲ. ಎಲೆ ಅಡ್ಡ ಬರುತ್ತಿತ್ತೆಂದು ಎರಡು ರೆಂಬೆಗಳನ್ನು ಪಕ್ಕಕ್ಕೆ ಎಳೆದು ಬಾಳೆನಾರಿನಿಂದ ಕಟ್ಟಿದೆ. ನಾಲ್ಕು ಚಿತ್ರ ತೆಗೆದೆ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು, ಹೋದೆ. ನಾರು ಬಿಚ್ಚಲು ಮರೆತೆ. ಸಂಜೆ ನೋಡಿದರೆ ಗೂಡು ಖಾಲಿ. ಎಲೆಯ ಮರೆ ಇಲ್ಲದ ಗೂಡು ಕಾಗೆಗೆ ಬಾಳೆಲೆ ಮೇಲೆ ಬಡಿಸಿಟ್ಟ ಹಾಗೆ. ತಾಯಿ ತಂದೆ ಎರಡೂ ಕೊಕ್ಕಿನಲ್ಲಿ ಹುಳ ಹಿಡಿದುಕೊಂಡೇ ಗಿಡದ ಸುತ್ತ ಕತ್ತಲಾಗುವವರೆಗೆ ಹಾರಾಡುತ್ತಿದ್ದವು. ಮೂರು ವಾರದ ಮೇಲೆ ಸ್ಟುಡಿಯೊದಿಂದ ಫೋಟೊ ಬಂತು. ಅಷ್ಟು ಹತ್ತಿರದ್ದು ಆ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬೀಳುವುದೇ ಇಲ್ಲವಂತೆ. ನಾಲ್ಕರಲ್ಲೂ ಬೂದು ಬಣ್ಣದ ಮಸುಕು, ಅಷ್ಟೇ.

ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಬೇಕೂಂತ ಮಾಡಿದ್ದಲ್ಲ ಅಲ್ವಾ ಅಜ್ಜ, ಮರೆತದ್ದು?’ ಅಂದಳು. ‘ಹೌದು, ಮರೆತದ್ದು’ ಅಂದೆ. ‘ಹಕ್ಕಿಗೆ ಅದು ಗೊತ್ತಿಲ್ಲ’ ಅಂದಳು.

ಮರುದಿನದಿಂದ ಅವಳ ಠಿಕಾಣಿ ಬಚ್ಚಲುಮನೆಯ ಕಿಟಕಿ. ಗಿಡಕ್ಕೂ ಅದಕ್ಕೂ ಇಪ್ಪತ್ತೈದು ಅಡಿ. ಗೂಡಿನ ಕಡೆ ಕ್ಯಾಮೆರಾ ತಿರುಗಿಸಲೇ ಇಲ್ಲ. ಪಿಕಳಾರ ನೇರ ಗೂಡಿಗೆ ಹೋಗುವುದಿಲ್ಲ, ಮೊದಲು ಎಲ್ಲಾದರೂ ಕೂತು ಅತ್ತಿತ್ತ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ನುಗ್ಗುತ್ತದೆ ಎಂದು ಅವಳ ನೋಟ್‌ಬುಕ್ಕಿನಲ್ಲಿತ್ತು. ಕೂರುವ ಜಾಗ ಬಟ್ಟೆ ಹರವುವ ತಂತಿಯ ಗೂಟ. ಆ ಗೂಟಕ್ಕೆ ಫೋಕಸ್ ಇಟ್ಟು ಹುರುಳಿ ಚೀಲದ ಮೇಲೆ ಗಲ್ಲ ಊರಿ ಕಾದಳು. ಸ್ನಾನಕ್ಕೆ ಹೋಗುವವರೆಲ್ಲ ಅವಳ ಅಪ್ಪಣೆ ಕೇಳಬೇಕಾಯಿತು. ಆರನೇ ದಿನ ಚಿತ್ರ ಸಿಕ್ಕಿತು: ಜುಟ್ಟು ನಿಮಿರಿಸಿಕೊಂಡು ಗೂಟದ ಮೇಲೆ ಕೂತ ಪಿಕಳಾರ, ಬಾಲದ ಬುಡದಲ್ಲಿ ಕುಂಕುಮದ ಕೆಂಪು, ಕೊಕ್ಕಿನಲ್ಲಿ ಹಸಿರು ಕಂಬಳಿಹುಳ. ಇನ್ನೊಂದು ವಾರಕ್ಕೆ ಗೂಡು ಖಾಲಿಯಾಗಿತ್ತು. ಪುಟ್ಟಿ ಬಿಳಚಿಕೊಂಡು ಬಂದು ನನ್ನ ಕೈ ಹಿಡಿದಳು. ಇಬ್ಬರೂ ಹುಡುಕಿದೆವು. ಪೇರಲೆ ಮರದ ಒಳಗೊಂಬೆಯಲ್ಲಿ ಮೋಟು ಬಾಲದ ಎರಡು ಮರಿ ಒಂದಕ್ಕೊಂದು ಅಂಟಿಕೊಂಡು ಕೂತು ಬಾಯಿ ತೆರೆಯುತ್ತಿದ್ದವು. ‘ಕ್ಯಾಮೆರಾ ತರ್ಲಾ?’ ಎಂದೆ. ‘ಚಾರ್ಜಿಗೆ ಹಾಕಿದ್ದೀನಿ, ನೀನು ಸುಮ್ನೆ ನಿಂತ್ಕೋ’ ಅಂದಳು.

ಮಳೆಗಾಲದ ಮಾತೊಂದು ಉಳಿಯಿತು. ನಮ್ಮ ಮಲೆನಾಡಿನಲ್ಲಿ ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು, ಲೆನ್ಸಿಗೂ ಬೂಷ್ಟು. ಚರ್ಮದ ಚೀಲದಲ್ಲಿ ಬೀರುವಿನೊಳಗೆ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ವಾರಕ್ಕೊಮ್ಮೆ ಹೊರತೆಗೆದು ಉಪಯೋಗಿಸಿ. ಅಕ್ಕಿಯಲ್ಲಿ ಹೂತಿಡಿ ಎನ್ನುವವರಿದ್ದಾರೆ, ಅದರ ಧೂಳು ಸಂದಿಗೆ ಸೇರಿ ಜೂಮ್ ಕೆಡುತ್ತದೆ.

ಹಾಸನದ ಅಜ್ಜಿಯವರೇ, ನೋಟ್‌ಬುಕ್ ತುಂಬಿದರೆ ನನ್ನದೂ ಹೂಂ. ಚೀಲದ ಬಾಯಿಯನ್ನು ಎರಡು ಸಲ ಹೊಲಿಯಿರಿ, ಇಲ್ಲದಿದ್ದರೆ ಸೋರುತ್ತದೆ. ನಮ್ಮದು ಜುಲೈನಲ್ಲಿ ಒದ್ದೆಯಾಗಿ ಮೊಳಕೆ ಬಂದು, ಒಂದು ಮಧ್ಯಾಹ್ನ ಸಾರಾಗಿ ತಟ್ಟೆಗೆ ಬಂತು. ಈಗ ಹೊಸ ಹುರುಳಿ ತುಂಬಿದ್ದೇವೆ.