'ಕಾಣೆ' ಅಂತ ಬರೆದು ಕೈತೊಳೆದುಕೊಂಡವರು... ಮತ್ತು ನಾವು

ಸೆಪ್ಟೆಂಬರ್ ಬಂತೆಂದರೆ ಅಜ್ಜಮಾಡ ದೇವಯ್ಯನವರ ಫೋಟೋ ಓಡಾಡೋಕೆ ಶುರುವಾಗುತ್ತೆ. ಫಾರ್ವರ್ಡ್ ಮೇಲೆ ಫಾರ್ವರ್ಡು. ವರ್ಷಕ್ಕೊಂದು ಚಿಟಿಕೆ ಮಸಾಲೆ ಜಾಸ್ತಿ. ಕೊನೆಯಲ್ಲಿ 'ನಿಜವಾದ ಭಾರತೀಯನಾಗಿದ್ದರೆ ಶೇರ್ ಮಾಡಿ' ಅನ್ನೋ ಅಪ್ಪಣೆ ಬೇರೆ. ಕ್ಷಮಿಸಿ, ನಾನು ಮಾಡಲ್ಲ. ದೇವಯ್ಯನವರ ಮೇಲೆ ಗೌರವ ಇಲ್ಲ ಅಂತಲ್ಲ, ಇದೆ ಅಂತಲೇ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. 1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಹೋಗಬೇಕಿದ್ದ 12 ವಿಮಾನಗಳಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯನವರದು ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಒಂದು ವಿಮಾನ ಹಿಂದೆ ಸರಿದಿದ್ದಕ್ಕೆ ಹೋದರು. ದಾಳಿ ಮುಗಿಸಿ ವಾಪಸು ಬರುವಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್‌ರ ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದು ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ಅದರ ಅರ್ಧವೂ ಓಡದ್ದು. ಏಟು ತಿಂದ ಆ ವಿಮಾನವನ್ನೇ ತಿರುಗಿಸಿಕೊಂಡು ದೇವಯ್ಯ ಕಾದಾಡಿದರು. ಸ್ಟಾರ್‌ಫೈಟರ್ ಬಿತ್ತು, ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಮಿಸ್ಟೇರ್ ಕೂಡ ಬಿತ್ತು. ದೇವಯ್ಯ ಬದುಕಲಿಲ್ಲ.

ನಮ್ಮ ದಾಖಲೆಯಲ್ಲಿ ಏನು ಬರೆದರು ಗೊತ್ತಾ? 'ಕಾಣೆ'. ಅಷ್ಟೇ.

ನಿಜ ಹೊರಬಿದ್ದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಆ ಯುದ್ಧದ ಪುಸ್ತಕ ಬರೆದಾಗ. ಅದಾಗಿ ಇನ್ನೂ 9 ವರ್ಷ ಬಿಟ್ಟು, 1988ರಲ್ಲಿ ಮಹಾವೀರ ಚಕ್ರ. ಒಟ್ಟು 23 ವರ್ಷ! ನಮ್ಮವನ ಸಾಹಸಕ್ಕೆ ಸಾಕ್ಷಿ ಹೇಳಿದ್ದು ಎದುರಾಳಿಯ ಕಡೆಯವರು.

ಸರಿ, ಶತ್ರುದೇಶದ ಆಕಾಶದಲ್ಲಿ ನಡೆದದ್ದನ್ನು ಜೊತೆಯವರು ಯಾರೂ ನೋಡಲಿಲ್ಲ, 1965ರಲ್ಲಿ 'ಕಾಣೆ' ಅಂತ ಬರೆದದ್ದು ತಪ್ಪಲ್ಲ. ಒಪ್ಪಿದೆ. ಆದರೆ ಪುಸ್ತಕ ಬಂದ ಮೇಲಿನ 9 ವರ್ಷಕ್ಕೆ ಯಾವ ಮೋಡ ಅಡ್ಡ ಬಂದಿತ್ತು ಸ್ವಾಮಿ?

'ದೇಶದ ಭದ್ರತೆ ಕಣಯ್ಯಾ, ನಿನಗೇನು ಗೊತ್ತು' ಅಂತಾರೆ. ಯಾವ ಭದ್ರತೆ? ಮಿಸ್ಟೇರ್ ವಿಮಾನವೇ 1973ಕ್ಕೆ ನಿವೃತ್ತಿಯಾಯಿತು. 1965ರ ಯುದ್ಧದ ಅಧಿಕೃತ ಇತಿಹಾಸವನ್ನು ರಕ್ಷಣಾ ಇಲಾಖೆ 1992ರಲ್ಲೇ ಬರೆಸಿ ಇಟ್ಟುಕೊಂಡಿತ್ತು. ಅದು ಪುಸ್ತಕವಾಗಿ ಬರೋಕೆ 2011 ಆಗಬೇಕಾಯಿತು. ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು ಅನ್ನೋ ನೀತಿ ಬಂದದ್ದು 2021ರಲ್ಲಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಬಿದ್ದರೆ ಮೊದಲು ಲಾಗ್ ಓದ್ತೀವಿ. ಲಾಗ್ ಬೀರುವಿನಲ್ಲಿಟ್ಟು ಬೀಗ ಹಾಕಿ ಸರ್ವರ್ ಮೇಲೆ ಪದ್ಯ ಕಟ್ಟಲ್ಲ.

ಇದು ಕೊಡಗಿನವರ ಗೋಳು, ಗುಲ್ಬರ್ಗಾ ಕಡೆಯವನಿಗೆ ಯಾಕೆ ಅಂತೀರಾ? ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸ್ತೀವಿ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನ. ರಜಾಕಾರರ ಹಾವಳಿಯ ಕತೆ ಅಜ್ಜ ಅಜ್ಜಿಯರ ಬಾಯಲ್ಲಿತ್ತು. ಪೊಲೀಸ್ ಕಾರ್ಯಾಚರಣೆಯ ನಂತರ ನಡೆದ ಕೊಲೆಗಳ ಬಗ್ಗೆ ಸುಂದರಲಾಲ್ ಸಮಿತಿ ವರದಿ ಕೊಟ್ಟಿತು. ಅತಿ ಹೆಚ್ಚು ನರಳಿದ ಜಿಲ್ಲೆಗಳ ಸಾಲಿನಲ್ಲಿ ನಮ್ಮ ಗುಲ್ಬರ್ಗಾವೂ ಇತ್ತು. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ! ಅಷ್ಟರಲ್ಲಿ ಕಣ್ಣಾರೆ ಕಂಡವರಲ್ಲಿ ಎಷ್ಟು ಜನ ಉಳಿದಿದ್ದರು? ವೀರನದಾಗಲಿ, ಬಲಿಯಾದವರದಾಗಲಿ, ಕಡತಕ್ಕೆ ಬೀಗ ಹಾಕುವ ಚಾಳಿ ಒಂದೇ.

ಇನ್ನು ನಮ್ಮ ಬ್ಲಾಗಿಗರ ವಿಷಯಕ್ಕೆ ಬರ್ತೀನಿ. ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್‌ನ ಗುಂಡಿಗಾ, ಅಥವಾ ಅದರ ಚೂರುಗಳಿಗೆ ಡಿಕ್ಕಿಯಾಗಿಯಾ? ಪಾಕಿಸ್ತಾನದ ಕಡೆಯಿಂದ ಎರಡನೇ ಮಾತೂ ಬಂದಿದೆ. ಇಂಥಲ್ಲಿ ಬೇಕಾಗಿರೋದು ದಾಖಲೆ. ನಾವು ಕೊಡ್ತಿರೋದು 'ಸಿಂಹದಂತೆ ಗರ್ಜಿಸಿದರು' ಅನ್ನೋ ಸಾಲು. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಇದೇ ಘಟನೆ ಎತ್ತಿಕೊಂಡು ಪೈಲಟ್ಟಿಗೆ ಟಿ. ಕೃಷ್ಣ ವಿಜಯ ಅಂತ ಹೆಸರಿಟ್ಟಿತು. ಬಿಡಿ, ಅದು ಸಿನಿಮಾ. ನಾವು ಬರೆಯೋದೂ ಸಿನಿಮಾನಾ? ಉಪ್ಪುಖಾರ ಸೇರಿಸಿದಷ್ಟೂ ಮನುಷ್ಯ ಮರೆಯಾಗ್ತಾನೆ. ಆಗ ಅವನು ಎರಡನೇ ಸಲ 'ಕಾಣೆ'.

ಹಾಗಾಗಿ ಈ ಸಲ ಫಾರ್ವರ್ಡ್ ಬೇಡ. ಬರೆಯೋದಾದರೆ ಇಸವಿ ಹಾಕಿ, ಎಲ್ಲಿ ಓದಿದಿರಿ ಹೇಳಿ, ಇಲ್ಲದ್ದನ್ನು ಸೇರಿಸಬೇಡಿ. ಮನೆಯಲ್ಲಿ 1948 ಕಂಡ, 1965 ಕಂಡ ಹಿರಿಯರಿದ್ದರೆ ಇವತ್ತೇ ಕೂತು ಕೇಳಿ ಟೈಪ್ ಮಾಡಿ. 25 ವರ್ಷದ ನೀತಿ ಇದೆಯಲ್ಲ, ಕಡತ ಎಲ್ಲಿ ಅಂತ ಕೇಳಿ ಅರ್ಜಿ ಹಾಕಿ.

ಇಷ್ಟು ಹೇಳಿದ್ದಕ್ಕೆ ನನ್ನನ್ನು ದೇಶದ್ರೋಹಿ ಅಂತ ಬಯ್ಯೋದಿದ್ದರೆ ಬಯ್ಯಿರಿ, ಬೇಜಾರಿಲ್ಲ. ಇಸವಿ ಸಮೇತ ಬಯ್ಯಿರಿ.