‘ಸಹಜ ಮಟ್ಟ’ ಎಂಬ ಪರಿಭಾಷೆ: ಪ್ಲೇಟ್‌ಲೆಟ್ ಸೆರೊಟೋನಿನ್ನಿನ ನಿದರ್ಶನ

ಕನ್ನಡದ ವೈದ್ಯಕೀಯ ಬರಹಗಳಲ್ಲಿ ‘ನಾರ್ಮಲ್’ ಎಂಬುದಕ್ಕೆ ‘ಸಹಜ’ ಎಂಬ ಪದವು ಬಹುಮಟ್ಟಿಗೆ ರೂಢವಾಗಿದೆ. ವಚನ ಸಾಹಿತ್ಯದ ಮೂಲಕ ಅನುಭಾವದ ಕಾಂತಿಯನ್ನು ಪಡೆದ ಪದವಿದು. ಆದರೆ ‘ಜೊತೆಯಲ್ಲಿಯೇ ಹುಟ್ಟಿದ್ದು’ ಎಂಬ ಅದರ ಮೂಲಾರ್ಥವು ಪ್ರಯೋಗಾಲಯದ ವರದಿಗೆ ಹೊಂದುವುದೇ ಎಂಬುದನ್ನು ಪರಿಶೀಲಿಸಬೇಕಾಗಿದೆ. ರಕ್ತದ ಪ್ಲೇಟ್‌ಲೆಟ್‌ಗಳಲ್ಲಿರುವ ಸೆರೊಟೋನಿನ್ ಇದಕ್ಕೆ ತಕ್ಕ ನಿದರ್ಶನ.

ಡೆಂಗಿ ಜ್ವರದ ದೆಸೆಯಿಂದ ಹಳ್ಳಿಗಳಿಗೂ ಪರಿಚಿತವಾಗಿರುವ ಪ್ಲೇಟ್‌ಲೆಟ್ ಈ ರಾಸಾಯನಿಕವನ್ನು ತಾನಾಗಿ ತಯಾರಿಸಲಾರದು. ದೇಹದ ಸೆರೊಟೋನಿನ್ನಿನಲ್ಲಿ ಶೇ. 90ಕ್ಕೂ ಹೆಚ್ಚಿನ ಪಾಲು ಕರುಳಿನಲ್ಲಿ, ಆಹಾರದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದ ಸಿದ್ಧವಾಗುತ್ತದೆ. ರಕ್ತಕ್ಕೆ ಸೇರಿದುದನ್ನು ಪ್ಲೇಟ್‌ಲೆಟ್ ತನ್ನ ಹೊರಪೊರೆಯಲ್ಲಿರುವ ಸಾಗಣೆ ಪ್ರೋಟೀನಿನ ಮೂಲಕ ಒಳಗೆಳೆದುಕೊಂಡು ಕೂಡಿಡುತ್ತದೆ. ಹೀಗಾಗಿ ಅದರೊಡನೆ ಹುಟ್ಟಿಬಂದ ಮಟ್ಟವೆಂಬುದೇ ಇಲ್ಲ, ಇರುವುದೆಲ್ಲ ಗಳಿಕೆ. ಏಳರಿಂದ ಹತ್ತು ದಿನಗಳ ತನ್ನ ಆಯುಸ್ಸಿನಲ್ಲಿ ಅದು ಎಷ್ಟನ್ನು ಗಳಿಸೀತೆಂಬುದು ಕರುಳಿನ ಉತ್ಪಾದನೆ, ಸಾಗಣೆ ಪ್ರೋಟೀನಿನ ಚುರುಕು, ಅನುವಂಶೀಯತೆ, ಸೇವಿಸುವ ಔಷಧ ಇವುಗಳನ್ನು ಅವಲಂಬಿಸಿದೆ. ಕರುಳಿನ ಕೆಲವು ಕಾರ್ಸಿನಾಯ್ಡ್ ಗಡ್ಡೆಗಳಲ್ಲಿ ಮಟ್ಟವು ಬಹಳ ಏರುತ್ತದೆ. ಪ್ಲೇಟ್‌ಲೆಟ್‌ಗಳ ಸಂಖ್ಯೆಯೇ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾದುದರಿಂದ ನೂರು ಕೋಟಿ ಪ್ಲೇಟ್‌ಲೆಟ್‌ಗಳಿಗೆ ಇಷ್ಟೆಂದು ಲೆಕ್ಕ ಹಾಕುವ ಪದ್ಧತಿಯುಂಟು. ರಕ್ತದ ಮಾದರಿಯನ್ನು ಒರಟಾಗಿ ನಿರ್ವಹಿಸಿದರೂ ಅಳತೆ ಕೆಡುತ್ತದೆ.

ಔಷಧದ ಪ್ರಭಾವವಂತೂ ವಿಶೇಷವಾಗಿ ವಿಚಾರಾರ್ಹ. ಖಿನ್ನತೆಗೆ ಕೊಡುವ ಫ್ಲೂಯೊಕ್ಸೆಟಿನ್ ಮೊದಲಾದವು ಅದೇ ಸಾಗಣೆ ಪ್ರೋಟೀನನ್ನು ತಡೆಯುವುದರಿಂದ ಕೆಲವೇ ವಾರಗಳಲ್ಲಿ ಪ್ಲೇಟ್‌ಲೆಟ್ಟಿನ ದಾಸ್ತಾನು ತೀವ್ರವಾಗಿ ಕುಸಿಯುತ್ತದೆ. ಅದು ಔಷಧವು ತನ್ನ ಕೆಲಸ ಮಾಡುತ್ತಿರುವುದರ ಗುರುತು. ಆದರೆ ಸೆರೊಟೋನಿನ್ನನ್ನು ‘ಸಂತೋಷದ ಹಾರ್ಮೋನು’ ಎಂದು ಪತ್ರಿಕೆಗಳಲ್ಲಿ ಓದಿ ಬಲ್ಲ ರೋಗಿಗೆ ‘ಸಹಜಕ್ಕಿಂತ ಕಡಿಮೆ’ ಎಂಬ ವರದಿ ದೊರೆತರೆ ಅವನು ಔಷಧವನ್ನೇ ಶಂಕಿಸಿ ನಿಲ್ಲಿಸಿಬಿಡಬಹುದು. ರಕ್ತದ ಸೆರೊಟೋನಿನ್ ಮಿದುಳನ್ನು ಪ್ರವೇಶಿಸದು. ಮಿದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ. 1948ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಇದನ್ನು ಬೇರ್ಪಡಿಸಿದವರು ಹುಡುಕುತ್ತಿದ್ದುದು ರಕ್ತನಾಳವನ್ನು ಬಿಗಿಗೊಳಿಸುವ ವಸ್ತುವನ್ನು. ಸೀರಂ ಮತ್ತು ಬಿಗುವು ಇವೆರಡೇ ಆ ಹೆಸರಿನಲ್ಲಿವೆ, ಸಂತೋಷದ ಸುಳಿವಿಲ್ಲ.

ಪ್ರಯೋಗಾಲಯಗಳು ‘ನಾರ್ಮಲ್’ ಎಂದು ನಮೂದಿಸುವುದು ಸಾಮಾನ್ಯವಾಗಿ ಆರೋಗ್ಯವಂತರ ಒಂದು ಗುಂಪಿನಲ್ಲಿ ನಡುವಣ ಶೇ. 95 ಮಂದಿಯ ಅಳತೆಗಳನ್ನು. ನೂರರಲ್ಲಿ ಐವರು ಆರೋಗ್ಯವಂತರು ಅದರಿಂದ ಹೊರಗುಳಿಯುವುದು ಆ ಲೆಕ್ಕದ ಸ್ವರೂಪದಲ್ಲಿಯೇ ಇದೆ. ಇದಕ್ಕೆ ‘ಹೋಲಿಕೆಯ ವ್ಯಾಪ್ತಿ’ ಎಂಬುದು ಹೆಚ್ಚು ನಿಖರವಾದೀತು. ‘ರಿಪೋರ್ಟು ನಾರ್ಮಲ್ ಬಂದಿದೆ’ ಎನ್ನುವ ಹಳ್ಳಿಗನು ಈ ವಿಷಯದಲ್ಲಿ ಪಂಡಿತರಿಗಿಂತ ಕಡಿಮೆ ತಪ್ಪು ಮಾಡುತ್ತಾನೆ!

ವಿರುದ್ಧಪದದ ಪ್ರಶ್ನೆ ಇನ್ನೂ ಗಂಭೀರವಾದುದು. ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಅಧಿಕವಾಗಿರುವುದನ್ನು 1961ರಲ್ಲಿ ಷೇನ್ ಮತ್ತು ಫ್ರೀಡ್‌ಮನ್ ವರದಿ ಮಾಡಿದರು. ಅನಂತರದ ಅಧ್ಯಯನಗಳೂ ಇದನ್ನು ಸಮರ್ಥಿಸಿವೆ. ‘ವ್ಯಾಪ್ತಿಗಿಂತ ಹೆಚ್ಚು’ ಎಂದಾಗ ಆ ಮಾತು ಅಂಕಿಗೆ ಅಂಟಿಕೊಂಡಿರುತ್ತದೆ. ‘ಅಸಹಜ’ ಎಂದು ಬರೆದು ಕೊಟ್ಟಾಗ ತಾಯಿ ಅದನ್ನು ಮಗುವಿನ ವಿಶೇಷಣವಾಗಿಯೇ ಓದಿಕೊಳ್ಳುತ್ತಾಳೆ.