ಕೆಂಪು ಬಾಳೆ, ಫ್ರಿಜ್ಜು ಮತ್ತು ನಾವು ಓದದೇ ಬಿಟ್ಟ ಪೊರೆ

‘ಬಯಾಲಜಿ ಬ್ಯಾಡಂತನೇ ಎಂಜಿನಿಯರಿಂಗಿಗೆ ಬಂದೀವಿ, ಇಲ್ಲೂ ಬೆನ್ನು ಹತ್ತಿ ಬಂತಲ್ಲೋ!’ ವಿಟಿಯು 2022ರ ಸ್ಕೀಮ್‌ನಲ್ಲಿ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಕಂಡ ಕೂಡಲೇ ಹಾಸ್ಟೆಲಿನಲ್ಲಿ ಏಳುವ ಮಾತು ಇದು. ಆ ಬೇಸರದಲ್ಲಿ ಅರ್ಥವಿಲ್ಲ ಅಂತ ಹೇಳಲಿಕ್ಕೆ ಬರಲ್ಲ. ನಮ್ಮ ನೋಟ್ಸ್‌ನಲ್ಲಿ ಲಿಪಿಡ್ ಅಂದ್ರ ಬಯೋಡೀಸೆಲ್, ಡಿಟರ್ಜೆಂಟ್. ಪ್ರೋಟೀನ್ ಅಂದ್ರ ಆಹಾರ. ಎರಡಕ್ಕೂ ಬೇರೆ ಬೇರೆ ಹೆಡ್ಡಿಂಗ್. ಬಾಯಿಪಾಠ ಮಾಡ್ತೀವಿ, ಬರೀತೀವಿ, ಮರೀತೀವಿ.

ನನ್ನ ತಕರಾರು ಇಷ್ಟೇ: ಇವೆರಡನ್ನೂ ಬೇರೆ ಮಾಡಿ ಓದಿದರೆ ಅಸಲಿ ವಿಷಯವೇ ತಪ್ಪಿಹೋಗುತ್ತದೆ. ಜೀವಕೋಶದ ಪೊರೆಯಲ್ಲಿ ಇವು ಒಂದನ್ನೊಂದು ಬಿಟ್ಟು ಕೆಲಸ ಮಾಡುವುದಿಲ್ಲ. ಸಾಕ್ಷಿ ಬೇಕಂದ್ರ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ತನಕ ಹೋದರೆ ಸಾಕು.

ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ. ಬೇರೆ ಬಾಳೆಗಿಂತ ನಿಧಾನಕ್ಕೆ ಬರುವ ಬೆಳೆ, ರೇಟೂ ಜಾಸ್ತಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಾಗಾಗಿ ‘ಹಣ್ಣು ಕೆಡಬಾರದು ಅಂದ್ರ ಕೋಲ್ಡ್ ಸ್ಟೋರೇಜ್ ಬೇಕು’ ಅಂತ ಎಲ್ಲರೂ ಹೇಳ್ತಾರೆ. ಆದರೆ ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕರ್ರಗಾಗುತ್ತದೆ ಅನ್ನೋದು ಮನೆಯಲ್ಲಿ ಅವ್ವನಿಗೂ ಗೊತ್ತು. ವ್ಯಾಪಾರದಲ್ಲಿ ಸಾಮಾನ್ಯ ಬಾಳೆಯನ್ನು ಸುಮಾರು 13–14 ಡಿಗ್ರಿಯಲ್ಲಿ ಸಾಗಿಸುತ್ತಾರೆ, ಅದಕ್ಕಿಂತ ಕೆಳಗೆ ಇಳಿಸುವುದಿಲ್ಲ. ಯಾಕೆ?

ಉತ್ತರ ಸುಮಾರು 5 ನ್ಯಾನೋಮೀಟರ್ ದಪ್ಪದ ಪೊರೆಯಲ್ಲಿದೆ. ಲಿಪಿಡ್ ಅಣುಗಳು ಎರಡು ಪದರವಾಗಿ, ಬಾಲ ಒಳಗೆ, ತಲೆ ಹೊರಗೆ ಮಾಡಿ ನಿಲ್ಲುತ್ತವೆ. ನಡುನಡುವೆ ಪ್ರೋಟೀನುಗಳು: ಕೆಲವು ಪಂಪು, ಕೆಲವು ಬಾಗಿಲು. ಪೊರೆ ಗೋಡೆಯಲ್ಲ, ಹರಿದಾಡುವ ದ್ರವ ಅಂತ 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಹೇಳಿದರು. ಲಿಪಿಡ್ ಬರೀ ಪ್ಯಾಕಿಂಗ್ ಅಲ್ಲ ಅನ್ನೋದು ಆಮೇಲೆ ಇನ್ನೂ ಸ್ಪಷ್ಟವಾಯಿತು. ಪಂಪು ತಿರುಗಬೇಕಂದ್ರ ಪ್ರೋಟೀನ್ ತನ್ನ ಆಕಾರ ಬದಲಿಸಬೇಕು. ಸುತ್ತಲಿನ ಲಿಪಿಡ್ ಜಾಗ ಬಿಟ್ಟುಕೊಡಬೇಕು. ಮೆಕ್ಯಾನಿಕಲ್‌ನವರಿಗೆ ಇದು ಬೇಗ ತಿಳೀತದ: ಗ್ರೀಸ್ ಗಟ್ಟಿಯಾದರೆ ಬೇರಿಂಗ್ ತಿರುಗುತ್ತದೇನು?

ಗಟ್ಟಿಯಾಗೋದು ಬಾಲದ ಮೇಲೆ ನಿಂತದ. ಸ್ಟಿಯರಿಕ್ ಮತ್ತು ಒಲಿಯಿಕ್ ಆಮ್ಲ ಎರಡರಲ್ಲೂ 18 ಇಂಗಾಲದ ಪರಮಾಣು. ಮೊದಲನೆಯದು ನೆಟ್ಟಗೆ, 69 ಡಿಗ್ರಿಯ ತನಕ ಗಟ್ಟಿ. ಎರಡನೆಯದರಲ್ಲಿ ಒಂದೇ ಒಂದು ಡಬಲ್ ಬಾಂಡ್, ಅದರಿಂದ ಬಾಲ ಬಾಗುತ್ತದೆ, ಸುಮಾರು 13 ಡಿಗ್ರಿಗೇ ಕರಗುತ್ತದೆ. ಚಳಿಗೆ ಒಗ್ಗಿದ ಗಿಡಗಳು ತಂಪಾದಂತೆ ಡಬಲ್ ಬಾಂಡ್ ಹೆಚ್ಚಿಸಿಕೊಳ್ಳುತ್ತವೆ. ಆ ಕೆಲಸ ಮಾಡುವ ಡಿಸ್ಯಾಚುರೇಸ್ ಕಿಣ್ವಗಳಲ್ಲಿ ಹಲವು ಪೊರೆಯೊಳಗೇ ಕೂತ ಪ್ರೋಟೀನುಗಳು! ಪ್ರೋಟೀನ್ ಲಿಪಿಡನ್ನು ಸಡಿಲವಾಗಿಡುತ್ತದೆ, ಸಡಿಲ ಲಿಪಿಡ್ ಪ್ರೋಟೀನನ್ನು ನಡೆಸುತ್ತದೆ.

ಬಾಳೆ ಸೆಕೆಯ ನಾಡಿನ ಗಿಡ, ಈ ಕಲೆ ಅದಕ್ಕೆ ಅಷ್ಟಾಗಿ ಒಗ್ಗಿಲ್ಲ. ಹೆಚ್ಚು ತಂಪಾದಾಗ ಲಿಪಿಡ್ ಬಾಲಗಳು ನೆಟ್ಟಗಾಗಿ ಒತ್ತೊತ್ತಾಗಿ ಕೂಡುತ್ತವೆ, ಪೊರೆ ಬಿಗಿಯಾಗುತ್ತದೆ, ಪಂಪು ನಿಧಾನವಾಗುತ್ತವೆ, ಪೊರೆ ಸೋರುತ್ತದೆ. ವ್ಯಾಕ್ಯೂಲ್‌ನಲ್ಲಿದ್ದ ಫೀನಾಲುಗಳು ಪ್ಲಾಸ್ಟಿಡ್‌ನಲ್ಲಿದ್ದ ಪಾಲಿಫೀನಾಲ್ ಆಕ್ಸಿಡೇಸ್ ಕಿಣ್ವದ ಕೈಗೆ ಸಿಗುತ್ತವೆ. ಸಿಪ್ಪೆ ಕಪ್ಪಾಗುತ್ತದೆ. ಕಾಯಿ ಇದ್ದಾಗಲೇ ಈ ಪೆಟ್ಟು ಬಿದ್ದರೆ ಆಮೇಲೆ ಸರಿಯಾಗಿ ಹಣ್ಣಾಗೋದೂ ಇಲ್ಲ. ಇದರಲ್ಲಿ ಬೇರೆ ಕಾರಣಗಳೂ ಸೇರುತ್ತವೆ, ಆದರೆ ಪೊರೆಯನ್ನು ಬಿಟ್ಟು ಈ ಲೆಕ್ಕ ಕೂಡುವುದಿಲ್ಲ.

ಈಗ ಹೇಳ್ರಿ, ಇದು ಬಯಾಲಜಿಯೋ, ಎಂಜಿನಿಯರಿಂಗೋ? ಇಂಥ ಹಣ್ಣಿಗೆ ಕೋಲ್ಡ್ ರೂಮ್ ಕಟ್ಟುವವನು ‘ತಂಪು ಹೆಚ್ಚಾದಷ್ಟೂ ಒಳ್ಳೇದು’ ಅಂತ ಡಿಸೈನ್ ಮಾಡಿದರೆ ಕರೆಂಟೂ ದಂಡ, ಹಣ್ಣೂ ದಂಡ. ನಷ್ಟ ತಿಂಗಳುಗಟ್ಟಲೆ ಕಾದ ರೈತನ ತಲೆಗೆ. ರೂಮಿನ ಸೆಟ್ ಪಾಯಿಂಟ್ ತೀರ್ಮಾನ ಆಗಬೇಕಾದ್ದು ಕಂಪ್ರೆಸರಿನ ತಾಕತ್ತಿನಿಂದಲ್ಲ, ಹಣ್ಣಿನ ಪೊರೆಯಿಂದ. ಅದೂ ಎಲ್ಲಾ ತಳಿಗೆ ಒಂದೇ ನಂಬರ್ ಅಂತ ಹಿಡಿಯಬಾರದು. ಕೆಂಪು ಸಿಪ್ಪೆಯಲ್ಲಿ ಕಂದು ಕಲೆ ಬೇಗ ಕಣ್ಣಿಗೆ ಬೀಳದೇ ಇರಬಹುದು, ಹಾಗಾಗಿ ಕಣ್ಣಳತೆ ಸಾಲದು.

ಅಳೆಯೋದು ಕಷ್ಟವೇನಲ್ಲ. ಕೆಮಿಸ್ಟ್ರಿ ಲ್ಯಾಬಿನ ಕಂಡಕ್ಟಿವಿಟಿ ಮೀಟರ್ ಸಾಕು. ಹಣ್ಣುಗಳನ್ನು 6, 10, 14, 18 ಡಿಗ್ರಿಯಲ್ಲಿ ಕೆಲವು ದಿನ ಇಡಿ. ಒಂದೇ ಅಳತೆಯ ಸಿಪ್ಪೆಯ ಬಿಲ್ಲೆ ಕತ್ತರಿಸಿ, ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ತಾಸು ಬಿಟ್ಟು ರೀಡಿಂಗ್ ತಗೊಳ್ಳಿ. ಆಮೇಲೆ ಕುದಿಸಿ, ಆರಿಸಿ ಇನ್ನೊಂದು ರೀಡಿಂಗ್. ಮೊದಲನೆಯದು ಎರಡನೆಯದರ ಎಷ್ಟು ಶೇಕಡಾ ಅಂತ ನೋಡಿದರೆ ಪೊರೆ ಎಷ್ಟು ಸೋರಿದೆ ಅಂತ ತಿಳಿಯುತ್ತದೆ. ಚೇಂಬರ್ ಮೆಕ್ಯಾನಿಕಲ್‌ನವರದು, ಸೆನ್ಸರ್ ಇಸಿಯವರದು, ಡೇಟಾ ಸಿಎಸ್‌ನವರದು.

ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋ, ಅದೇ ಸ್ಮಾರ್ಟ್ ಡಸ್ಟ್‌ಬಿನ್ ಮಾಡಿ ಫೈಲ್ ಬೈಂಡ್ ಮಾಡಿಸ್ತೀವಿ. ಒಂದು ಬ್ಯಾಚಾದರೂ ಕಮಲಾಪುರದಿಂದ ಒಂದು ಬಾಳೆಗೊನೆ ತಂದು ಈ ಪ್ರಾಜೆಕ್ಟ್ ಮಾಡಲಿ. ಬಂದ ಗ್ರಾಫನ್ನು ಲೈಬ್ರರಿಯಲ್ಲಿ ಇಟ್ಟು ಬರೋದು ಬೇಡ. ಕನ್ನಡದಲ್ಲಿ ಒಂದು ಪುಟ ಬರೆದು ಆ ತೋಟದವರ ಕೈಗೇ ಕೊಟ್ಟು ಬನ್ನಿ.